ಸಾಲ್ಮೊನೆಲ್ಲ ಅಂತ ಗೊತ್ತಾದ ಮೇಲೂ ಸೀರೋಟೈಪಿಂಗ್ ಎಂತಕ್ಕೆ?

ಬ್ಲಡ್ ಕಲ್ಚರಲ್ಲಿ (ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಟೆಸ್ಟಲ್ಲಿ) ಸಾಲ್ಮೊನೆಲ್ಲ ಅನ್ನುವ ಬ್ಯಾಕ್ಟೀರಿಯಾ ಬಂದಿದೆ ಅಂತ ಹೇಳಿ, ಮತ್ತೆ 'ಸೀರೋಟೈಪಿಂಗ್ ಬಾಕಿ ಉಂಟು', ಅಂದ್ರೆ ಅದರಲ್ಲಿ ಯಾವ ಬಗೆ ಅಂತ ನೋಡ್ಲಿಕ್ಕುಂಟು, ಅಂತ ಕಾಯಿಸಿದ್ರೆ ಯಾರಿಗಾದ್ರೂ ತಲೆಬಿಸಿಯೇ. ನಾನು ಕಾಸರಗೋಡಲ್ಲಿ ಮೈಕ್ರೋಬಯಾಲಜಿ ಲ್ಯಾಬಲ್ಲಿರುವವ, ಕೌಂಟರಲ್ಲಿ ಇದೇ ಪ್ರಶ್ನೆ ಕನ್ನಡ, ಮಲಯಾಳ, ತುಳು ಮೂರರಲ್ಲೂ ಕೇಳ್ತಾರೆ.

ಸಾಲ್ಮೊನೆಲ್ಲ ಅನ್ನೋದು ಮನೆತನದ ಹೆಸರು ಮಾತ್ರ ಮಾರಾಯ್ರೇ, ಕೌಫ್‌ಮನ್-ವೈಟ್ ಅನ್ನುವ ವರ್ಗೀಕರಣ ಪಟ್ಟಿಯಲ್ಲಿ ಅದರ ಸೀರೋಟೈಪ್‌ಗಳೇ 2,500ಕ್ಕಿಂತ ಜಾಸ್ತಿ ಉಂಟು. ಬ್ಯಾಕ್ಟೀರಿಯಾದ ಮೈಮೇಲಿನ ಓ ಆಂಟಿಜನ್ (ಆಂಟಿಬಾಡಿ ಹಿಡಿಯುವ ಗುರುತು) ನೋಡಿದ್ರೆ ಗುಂಪು ಸಿಗ್ತದೆ, ಈಜುವ ಬಾಲದ ಎಚ್ ಆಂಟಿಜನ್ ನೋಡಿದ್ರೆ ಹೆಸರು. ಓ 9 ಬಂತು ಅಂತ ಕೂಡಲೇ ಟೈಫಾಯ್ಡ್ ಅಂತ ಬರೆಯಲಿಕ್ಕಾಗುದಿಲ್ಲ, ಯಾಕಂದ್ರೆ ಮೊಟ್ಟೆ-ಕೋಳಿಯಿಂದ ಬೇಧಿ ತರುವ ಎಂಟೆರಿಟೈಡಿಸ್‌ಗೂ ಅದೇ ಓ 9, ಎಚ್ 'ಡಿ' ಬಂದ್ರೆ ಟೈಫಾಯ್ಡ್ ತರುವ ಟೈಫಿ, 'ಜಿ,ಎಂ' ಬಂದ್ರೆ ಎಂಟೆರಿಟೈಡಿಸ್.

ಕೆಲಸ ನೋಡ್ಲಿಕ್ಕೆ ಸುಲಭ. ಸ್ಲೈಡಲ್ಲಿ ಗೆರೆ ಎಳೆದು ಎರಡೂ ಕಡೆ ಸಲೈನಲ್ಲಿ (ಉಪ್ಪುನೀರಲ್ಲಿ) ಬೆಳೆದ ಬ್ಯಾಕ್ಟೀರಿಯಾದ ಕಾಲನಿ ಕಲಸಿ, ಒಂದು ಕಡೆಗೆ ಮಾತ್ರ ಆಂಟಿಸೀರಂ (ಆ ಆಂಟಿಜನ್ ಹಿಡಿಯುವ ಆಂಟಿಬಾಡಿ ಇರುವ ದ್ರವ) ಹಾಕಿ, ಸ್ಲೈಡನ್ನು ಮೆಲ್ಲ ಆಚೀಚೆ ವಾಲಿಸಿ ಲೈಟಿಗೆ ಹಿಡಿದು ನೋಡೂದು, ಹಾಲು ಒಡೆದ ಹಾಗೆ ಕಾಳುಕಾಳು ಆದ್ರೆ ಪಾಸಿಟಿವ್. ಆದ್ರೆ ಬರೀ ಸಲೈನ್ ಇರುವ ಕಡೆಯೂ ಕಾಳು ಕಟ್ಟಿತಾ, ಆ ಟೆಸ್ಟೇ ಲೆಕ್ಕಕ್ಕಿಲ್ಲ, ಅವಸರದಲ್ಲಿ ಈ ಕಂಟ್ರೋಲ್ ಬಿಡುವವರನ್ನು ಕಂಡ್ರೆ ನನಗೆ ಪಿತ್ತ ನೆತ್ತಿಗೇರ್ತದೆ. ಇನ್ನು ಟೈಫಿ ಕೆಲವೊಮ್ಮೆ ವಿಐ ಅನ್ನುವ ಹೊದಿಕೆ ಹೊದ್ದುಕೊಂಡಿರ್ತದೆ, ಆಗ ಓ ಸೀರಂ ಹಾಕಿದ್ರೂ ಎಂತದೂ ಆಗುದಿಲ್ಲ, ಸಸ್ಪೆನ್ಷನನ್ನು ಕುದಿಯುವ ನೀರಲ್ಲಿಟ್ಟು ತಣಿಸಿ ಪುನಃ ನೋಡ್ಬೇಕು. ಹಾಗಂತ ವಿಐ ಪಾಸಿಟಿವ್ ಆದದ್ದೆಲ್ಲ ಟೈಫಿಯೂ ಅಲ್ಲ, ಸಿಟ್ರೋಬ್ಯಾಕ್ಟರ್ ಅನ್ನುವ ಬೇರೆ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲೂ ಅದುಂಟು, ಅದಕ್ಕೇ ಬ್ಯಾಕ್ಟೀರಿಯಾ ಯಾವುದು ಅಂತ ಗುರುತಿಸುವ ಬಯೋಕೆಮಿಕಲ್ ಟೆಸ್ಟ್ ಮುಗಿಸದೆ ಸೀರಂ ಬಾಟ್ಲಿ ಮುಟ್ಟಬಾರದು. ಈಜದ ಕಲ್ಚರ್ ಆದ್ರೆ ಎಚ್ ಸಿಗುದೇ ಇಲ್ಲ, ಮೆತ್ತಗಿನ ಅಗಾರಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಲ್ಲಿ) ಈಜಿಸಿ ಮತ್ತೆ ನೋಡ್ಬೇಕು, ಒಂದು ದಿನ ಹೋಗೂದು ಅಲ್ಲೇ.

2022 ಮೇಯಲ್ಲಿ ನಮ್ಮ ಚೆರುವತ್ತೂರಲ್ಲಿ ಶವರ್ಮಾ ತಿಂದವರಿಗೆ ಶಿಗೆಲ್ಲ (ಬೇಧಿ ತರುವ ಇನ್ನೊಂದು ಬ್ಯಾಕ್ಟೀರಿಯಾ) ಅಂತ ಪೇಪರಲ್ಲಿ ಬಂತಲ್ಲ, ಅದಕ್ಕೆ ಬಾಲವೇ ಇಲ್ಲ, ಓ ಮಾತ್ರ ನೋಡಿದ್ರೆ ಸಾಕು. ಇಂಥ ಸಮಯದಲ್ಲಿ ರೋಗಿಗಳ ಟೈಪೂ ಆಹಾರದ ಟೈಪೂ ತಾಳೆ ನೋಡೂದು ಬಹಳ ಮುಖ್ಯ, ಒಂದೇ ಬಂದ್ರೆ ಸಂಶಯ ಗಟ್ಟಿಯಾಗ್ತದೆ, ಅದೇ ಪೂರ್ತಿ ಸಾಕ್ಷಿ ಅಲ್ಲ.

ವೈಡಾಲ್‌ಗೂ ಇದಕ್ಕೂ ಕಲಸಬೇಡಿ, ಆ ಟೈಫಾಯ್ಡ್ ಟೆಸ್ಟ್ ನಿಮ್ಮ ರಕ್ತದ ಆಂಟಿಬಾಡಿ ಹುಡುಕೂದು. ಮತ್ತೆ ಮದ್ದು ಸೀರೋಟೈಪಿಂಗ್‌ಗೆ ಕಾಯ್ಬೇಕಂತಿಲ್ಲ, ಡಾಕ್ಟ್ರು ಮೊದಲೇ ಶುರು ಮಾಡಿರ್ತಾರೆ, ಅದನ್ನು ಬದಲಿಸ್ಬೇಕಾ ಅಂತ ತಿಳಿಯೂದು ಯಾವ ಮದ್ದು ನಾಟ್ತದೆ ಅಂತ ಹೇಳುವ ಸೆನ್ಸಿಟಿವಿಟಿ ರಿಪೋರ್ಟಿಂದ, ಲ್ಯಾಬಲ್ಲಿ ಮೊದಲು ಅದನ್ನು ಕೇಳಿ.