ಕಂಚಿನ ಬೈಸನ್‌ಗೆ ಕಿಲುಬು: ಹುಣಸೆಹಣ್ಣು ಮುಟ್ಟಿಸಬೇಡಿ

ಪ್ರಶ್ನೆ: ಅಮೆರಿಕದ ಕೊಲರಾಡೊದ ಲವ್‌ಲ್ಯಾಂಡ್‌ನಲ್ಲಿದ್ದೇವೆ. ಸ್ಥಳೀಯ ಕಲಾವಿದರು ಮಾಡಿದ ಎರಡಡಿ ಎತ್ತರದ ಕಂಚಿನ ಬೈಸನ್ ಮನೆಯ ಮೆಟ್ಟಿಲ ಪಕ್ಕದಲ್ಲಿದೆ. ಚಳಿಗಾಲ ಕಳೆದ ಮೇಲೆ ಗೊರಸಿನ ಸುತ್ತ, ಹೊಟ್ಟೆಯಡಿ ಹಸಿರು ಚುಕ್ಕೆಗಳು ಎದ್ದಿವೆ. ದೀಪದ ಕಂಬ ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಬಹುದೇ?

ಉತ್ತರ: ದಯವಿಟ್ಟು ಬೇಡ. ದೀಪಕ್ಕೆ ಹೊಳಪು ಬೇಕು, ಸರಿ. ಆದರೆ ಬೈಸನ್ ಮೈಯ ಕಂದು ಕೊಳೆಯಲ್ಲ. ಸಾಮಾನ್ಯವಾಗಿ ಕಾದ ಲೋಹಕ್ಕೆ ಫೆರಿಕ್ ನೈಟ್ರೇಟ್ ದ್ರಾವಣ ಹಚ್ಚಿ ಬರಿಸಿದ ಬಣ್ಣ ಅದು. ಹುಣಸೆಯ ಹುಳಿ ಅದನ್ನೇ ಕರಗಿಸುತ್ತದೆ. ಅಲ್ಲಿನ ಎರಕದವರು ಹೆಚ್ಚಾಗಿ ಬಳಸುವುದು ಸಿಲಿಕಾನ್ ಕಂಚು: ಸುಮಾರು 95% ತಾಮ್ರ, 4% ಸಿಲಿಕಾನ್, 1% ಮ್ಯಾಂಗನೀಸ್. ತಿಕ್ಕಿದ ಜಾಗ ಹೊಸ ತಾಮ್ರದ ಚೊಂಬಿನಂತೆ ಕೆಂಪಗೆ ಎದ್ದು ಕಾಣುತ್ತದೆ. ಆಮೇಲೆ ಎರಕದ ಮನೆಗೇ ಒಯ್ದು ಮತ್ತೆ ಬಣ್ಣ ಹಿಡಿಸಬೇಕು.

ಮೊದಲು ಬಿದಿರುಕಡ್ಡಿಯಿಂದ ಚುಕ್ಕೆಯನ್ನು ಕೆರೆದು ನೋಡಿ. ನುಣುಪಾಗಿ ಕಚ್ಚಿಕೊಂಡಿದ್ದರೆ ಅದು ನಿರಪಾಯದ ಕಿಲುಬು. ತಿಳಿಹಸಿರು ಪುಡಿ ಉದುರಿ ಕೆಳಗೆ ಗುಳಿ ಕಂಡರೆ ಉಪ್ಪಿನಲ್ಲಿರುವ, ಲೋಹ ತಿನ್ನುವ ಕ್ಲೋರೈಡ್ ಸೇರಿದೆ. ಮೆಟ್ಟಿಲ ಮೇಲಿನ ಹಿಮ ಕರಗಿಸಲು ಎರಚುವ ಉಪ್ಪಿನ ಮೇಲೇ ನನ್ನ ಅನುಮಾನ. ಮುಂದಿನ ಚಳಿಗಾಲಕ್ಕೆ ಉಪ್ಪಿನ ಬದಲು ಮರಳು ಹಾಕಿ.

ನಾಲ್ಕು ಲೀಟರ್ ಬಟ್ಟಿಯಿಳಿಸಿದ ನೀರಿಗೆ ಒಂದು ಟೀ ಚಮಚ ಸೌಮ್ಯ ದ್ರವಸೋಪು ಸಾಕು. ಮೆತ್ತನೆಯ ಬ್ರಷ್‌ನಿಂದ ತೊಳೆದು, ಬರೀ ನೀರಲ್ಲಿ ಎರಡು ಸಲ ಜಾಲಿಸಿ. ಕೂದಲಿನ ಗೆರೆಗಳಲ್ಲಿ ಸೋಪು ಉಳಿದೇ ಉಳಿಯುತ್ತದೆ. ಹಾಗೇ ಹೊಟ್ಟೆಯಡಿ, ಪೀಠದಡಿ ನೀರು ಬಸಿಯುವ ತೂತುಗಳಿವೆಯೇ ಎಂದು ಹುಡುಕಿ. ಇದನ್ನು ಬಹಳ ಜನ ಮರೆಯುತ್ತಾರೆ. ಮೂರ್ತಿಯ ಒಳಗೆ ಟೊಳ್ಳು, ಗೋಡೆ ಸುಮಾರು 5 ಮಿ.ಮೀ. ದಪ್ಪ. ತೂತಿಗೆ ಮಣ್ಣು ಕಟ್ಟಿದರೆ ಒಳಗೆ ನಿಂತ ನೀರು ಹೆಪ್ಪುಗಟ್ಟಿ ಸುಮಾರು 9% ಹಿಗ್ಗುತ್ತದೆ. ಕಾಲು ಬೆಸುಗೆಯಲ್ಲಿ ಸೀಳಬಹುದು.

ಪೂರ್ತಿ ಒಣಗಿದ ಮೇಲೆ, ಬಿಸಿಲಿಗೆ ಲೋಹ ಬೆಚ್ಚಗಾದಾಗ, ಬಣ್ಣವಿಲ್ಲದ ಪೇಸ್ಟ್ ಮೇಣವನ್ನು ಬ್ರಷ್‌ನಿಂದ ತೆಳ್ಳಗೆ ಸವರಿ. ತಣಿದ ಮೇಲೆ ಹತ್ತಿಬಟ್ಟೆಯಿಂದ ಉಜ್ಜಿ. ದಪ್ಪಗೆ ಬಳಿದರೆ ಗೆರೆಗಳಲ್ಲಿ ಬಿಳಿ ಕೂರುತ್ತದೆ. ಹೊರಗಿಟ್ಟ ಮೂರ್ತಿಗೆ ವರ್ಷಕ್ಕೆರಡು ಸಲ ಬೇಕು: ವಸಂತದಲ್ಲೊಮ್ಮೆ, ಹಿಮ ಬೀಳುವ ಮುಂಚೆ ಇನ್ನೊಮ್ಮೆ.

ಗುಳಿಯಿದ್ದ ಕಡೆ ಮಾತ್ರ ಮೇಣಕ್ಕೆ ಅವಸರ ಮಾಡಬೇಡಿ. ತೊಳೆದ ಮೇಲೆ ಕೆಲವು ವಾರ ಗಮನಿಸಿ. ಅದೇ ಗುಳಿಯಲ್ಲಿ ಪುಡಿ ಮರಳಿದರೆ ಲೋಹ ಸಂರಕ್ಷಕರಿಗೆ ತೋರಿಸಿ. ತೇವ ಸಿಕ್ಕಷ್ಟೂ ಕ್ಲೋರೈಡ್ ಆಮ್ಲ ಹುಟ್ಟಿಸಿ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ, ಮೇಣದ ಅಡಿಯಲ್ಲೂ.