ತೋಟ ಮಾರಿ ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಬೇಕಾ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ ದಂಪತಿ. ಸಣ್ಣ ಕಾಫಿ ತೋಟ, ಒಬ್ಬನೇ ಮಗ. ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಇಟ್ಟಿದ್ದ ಏಣಿ ಜಾರಿ ಹುಡುಗ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಪರೇಷನ್ ಆಗಿ ಒಂದೂವರೆ ವರ್ಷ ಕಳೆದಿದೆ.

ಸಲಹೆ ಕೇಳಲು ನನ್ನ ಹತ್ತಿರ ಬಂದಾಗ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ದೂರದ ಊರಿನ ಒಂದು ಕ್ಲಿನಿಕ್ಕಿನ ವಿಡಿಯೋ ಅಪ್ಪನ ವಾಟ್ಸಾಪ್‌ಗೆ ಬಂದಿತ್ತು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳನ್ನು ಬೇರ್ಪಡಿಸಿ, ಬೆನ್ನಿಗೆ ಚುಚ್ಚುತ್ತಾರಂತೆ. ಅರ್ಧ ತೋಟಕ್ಕೆ ಗಿರಾಕಿಯನ್ನೂ ನೋಡಿಟ್ಟಿದ್ದರು. ಅಮ್ಮ ಮಾತ್ರ ರುಜು ಹಾಕಲು ಒಪ್ಪಿರಲಿಲ್ಲ.

"ಮಗ ಎದ್ದು ಓಡಾಡೋದು ಇವಳಿಗೆ ಬೇಡ ಮೇಡಂ" ಅಂದರು ಅಪ್ಪ. ಆಕೆ ಅಳಲಿಲ್ಲ, ಸೆರಗಿನ ತುದಿ ಸುತ್ತುತ್ತಾ ಕೂತರು. ನಾನು ಇಂಜೆಕ್ಷನ್ ವಿಷಯ ಬಿಟ್ಟು, ಅವನು ಬಿದ್ದ ದಿನದ ಬಗ್ಗೆ ಕೇಳಿದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆವತ್ತು ಆಳು ಬಂದಿರಲಿಲ್ಲ. ಮೋಡ ಕಟ್ಟಿತ್ತು. "ಇದೊಂದು ಮರ ಮುಗಿಸಿಬಿಡು ಮಗಾ" ಅಂತ ಹೇಳಿದ್ದು ಅವರೇ.

ತೋಟ ಮಾರುವ ಹಟ ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಆ ಮಾತಿನ ಭಾರ ಇಳಿಯುತ್ತದೆ ಅಂದರೆ ಅವರು ಎಷ್ಟು ದುಡ್ಡಾದರೂ ಕೊಡುತ್ತಿದ್ದರು. ಇಂಥ ಸಂಕಟವನ್ನು ನೋಡಿ ಪ್ಯಾಕೇಜ್ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

"ಹೋಗಬೇಡಿ" ಅಂತ ನಾನು ಹೇಳಲಿಲ್ಲ. ಹಾಗಂದರೆ ಅವರು ಇನ್ನೊಂದು ಸಲ ಬರುತ್ತಿರಲಿಲ್ಲ. ಗೊತ್ತಿರುವುದನ್ನು ಹೇಳಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಅಸ್ಥಿಮಜ್ಜೆ ಕಸಿ ದಶಕಗಳಿಂದ ನಡೆಯುತ್ತಿದೆ. ಅದೂ ಸ್ಟೆಮ್ ಸೆಲ್ ಚಿಕಿತ್ಸೆಯೇ, ಅದರಿಂದ ಜೀವ ಉಳಿದಿದೆ. ಬೆನ್ನುಹುರಿಯ ಪೆಟ್ಟಿನ ಕಥೆ ಬೇರೆ. ಇದಕ್ಕೆ ಸ್ಟೆಮ್ ಸೆಲ್ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಅದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬಹುದು, ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ತೋಟ ಮಾರಿಸುವಷ್ಟು ಬಿಲ್ ಕೇಳುತ್ತಾರೆ ಅಂದರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ?

"ಜಪಾನಿನಲ್ಲಿ ಒಪ್ಪಿದ್ದಾರಲ್ಲ?" ಅಂದರು ಅಪ್ಪ. ಒಪ್ಪಿದ್ದು ನಿಜ, 2018ರಲ್ಲಿ. ಆದರೆ ಷರತ್ತಿನ ಮೇಲೆ. ಸಾಕಷ್ಟು ಪುರಾವೆ ಇಲ್ಲ ಅಂತ ಆಗಲೇ ಅನೇಕ ವಿಜ್ಞಾನಿಗಳು ಆಕ್ಷೇಪಿಸಿದ್ದರು. ಅದೂ ಪೆಟ್ಟಾದ ಸುಮಾರು 1 ತಿಂಗಳೊಳಗೆ ಮಜ್ಜೆ ತೆಗೆದವರಿಗೆ ಮಾತ್ರ. ಇವರ ಮಗನಿಗೆ ಆ ಗಡುವು ಎಂದೋ ಮುಗಿದಿದೆ.

"ಅವನದೇ ಕೋಶ, ಏನೂ ಆಗಲ್ಲ" ಅಂತ ಕ್ಲಿನಿಕ್‌ನವರು ಧೈರ್ಯ ತುಂಬಿದ್ದರು. ಹಾಗೇನಿಲ್ಲ. ಬೆನ್ನುಹುರಿಗೆ ಪೆಟ್ಟಾಗಿದ್ದ ಅಮೆರಿಕದ ಯುವತಿಯೊಬ್ಬಳಿಗೆ ಪೋರ್ಚುಗಲ್‌ನಲ್ಲಿ ಅವಳದೇ ಮೂಗಿನೊಳಗಿನ ಕೋಶಗಳನ್ನು ಪೆಟ್ಟಾದ ಜಾಗಕ್ಕೆ ಸೇರಿಸಿದ್ದರು. 8 ವರ್ಷದ ನಂತರ ನೋವು ಶುರುವಾಯಿತು. ನೋಡಿದರೆ ಬೆನ್ನುಹುರಿಯಲ್ಲಿ ಗಡ್ಡೆ, ಅದರೊಳಗೆ ಮೂಗಿನ ಲೋಳೆಯಂಥದ್ದು. ಇದು 2014ರಲ್ಲಿ ವರದಿಯಾಯಿತು. ಬೆನ್ನಿಗೆ ಚುಚ್ಚುವಾಗ ಸೋಂಕು ತಗಲಿದರೆ ಮಿದುಳು ಜ್ವರದವರೆಗೂ ಹೋಗಬಹುದು. ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಒಮ್ಮೆ ಹೀಗೆ ಕೋಶ ಹಾಕಿಸಿಕೊಂಡವರನ್ನು ಮುಂದೆ ಅನೇಕ ಸರಿಯಾದ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದಿಲ್ಲ. ಅಂದರೆ ನಾಳೆ ನಿಜವಾದ ಔಷಧಿ ಬಂದಾಗ ಬಾಗಿಲು ಮುಚ್ಚಿರಬಹುದು.

ಕ್ಲಿನಿಕ್‌ಗೆ ಫೋನ್ ಮಾಡಿ ಸಿಟಿಆರ್‌ಐ (ರೋಗಿಗಳ ಮೇಲೆ ನಡೆಯುವ ಪ್ರಯೋಗಗಳ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ ಅಂದೆ. ದೇಶದ ಪ್ರಯೋಗಗಳೆಲ್ಲ ಆ ಪಟ್ಟಿಯಲ್ಲಿ ಇರಬೇಕು, ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ತೊಂದರೆಯಾದರೆ ಖರ್ಚು ಯಾರದು ಅಂತ ಬರವಣಿಗೆಯಲ್ಲಿ ಕೇಳಿ. ಆಪರೇಷನ್ ಮಾಡಿದ ಡಾಕ್ಟರಿಗೂ ತೋರಿಸಿ. ಅಲ್ಲಿಯವರೆಗೆ ತೋಟದ ಗಿರಾಕಿಯಿಂದ ಅಡ್ವಾನ್ಸ್ ತೆಗೆದುಕೊಳ್ಳಬೇಡಿ.

ಅವರು ಕೇಳಿದರು. "ನೀವು ಬನ್ನಿ, ಎದುರಿಗೆ ಮಾತಾಡೋಣ" ಅಂತಷ್ಟೇ ಉತ್ತರ ಬಂತು. ತೋಟದ ಮಾತು ಸದ್ಯಕ್ಕೆ ನಿಂತಿದೆ.

ಆಮೇಲೆ ಮನೆಗೆ ಹೋಗಿ ಹುಡುಗನನ್ನು ಮಾತಾಡಿಸಿದೆ. "ನನ್ನನ್ನ ಯಾರೂ ಕೇಳಲೇ ಇಲ್ಲ ಮೇಡಂ. ಮೊದಲು ಬಚ್ಚಲಿಗೆ ಒಬ್ಬನೇ ಹೋಗೋ ಹಾಗಾಗಲಿ" ಅಂದ. ಅವನ ಬೆನ್ನ ಕೆಳಗೆ ಹುಣ್ಣು ಶುರುವಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಸೋಂಕು ಆಗದ ಹಾಗೆ ನೋಡಿಕೊಳ್ಳುವುದು, ಫಿಸಿಯೋಥೆರಪಿ ಬಿಡದಿರುವುದು, ಇದಕ್ಕೆಲ್ಲ ಮೊದಲು ದುಡ್ಡು ತೆಗೆದಿಡಿ ಅಂದೆ. ಬಚ್ಚಲ ಬಾಗಿಲು ಅಗಲ ಮಾಡಿಸುವುದಕ್ಕೆ ಅಪ್ಪ ಒಪ್ಪಿದ್ದಾರೆ.

ಆ ದಿನ ಆಡಿದ ಮಾತನ್ನು ಮಾತ್ರ ಅವರು ಮಗನ ಹತ್ತಿರ ಇನ್ನೂ ಎತ್ತಿಲ್ಲ. ಮುಂದಿನ ಭೇಟಿ ಅದಕ್ಕೇ. ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತೇನೆ.