ಧ್ವನಿಚಿಹ್ನೆಗಳು ಅಚ್ಚಿನಲ್ಲಿ ಚೌಕಗಳಾಗುವುದೇಕೆ?

ಪ್ರಶ್ನೆ: ನಮ್ಮೂರಿನ ತುಳು ಪದಗಳನ್ನು ಅಂತರರಾಷ್ಟ್ರೀಯ ಧ್ವನಿಲಿಪಿಯ ಉಚ್ಚಾರಣೆಯೊಡನೆ ಪುಸ್ತಕ ಮಾಡಿಸುತ್ತಿದ್ದೇನೆ. ಕರಡಚ್ಚಿನಲ್ಲಿ ಕೆಲವು ಚಿಹ್ನೆಗಳ ಜಾಗದಲ್ಲಿ ಖಾಲಿ ಚೌಕ, ಕೆಲವೆಡೆ ಪ್ರಶ್ನಾರ್ಥಕ ಚಿಹ್ನೆ ಬಂದಿದೆ. ಸರಿಪಡಿಸುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಚೌಕದ ಕಾರಣ ಬೇರೆ, ಪ್ರಶ್ನಾರ್ಥಕ ಚಿಹ್ನೆಯ ಕಾರಣ ಬೇರೆ. ಚೌಕ ಕಂಡಲ್ಲಿ ಸಾಮಾನ್ಯವಾಗಿ ಚಿಹ್ನೆಯ ಯೂನಿಕೋಡ್ ಸಂಖ್ಯೆ (ಪ್ರತಿ ಅಕ್ಷರವನ್ನೂ ಕಂಪ್ಯೂಟರ್ ಗುರುತಿಸುವ ಸಂಖ್ಯೆ) ಕಡತದಲ್ಲಿ ಹಾಗೆಯೇ ಉಳಿದಿರುತ್ತದೆ. ಬಳಸಿದ ಫಾಂಟಿನಲ್ಲಿ ಅದಕ್ಕೆ ಆಕಾರವಿರುವುದಿಲ್ಲ, ಅಷ್ಟೆ. ಉಚಿತವಾಗಿ ದೊರೆಯುವ ಡೌಲೋಸ್ ಅಥವಾ ಚಾರಿಸ್ ಫಾಂಟನ್ನು ಆ ಭಾಗಕ್ಕೆ ಕೊಟ್ಟೊಡನೆ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ, ಯೂನಿಕೋಡ್ ಅರಿಯದ ಪೇಜ್‌ಮೇಕರ್‌ನಂತಹ ಹಳೆಯ ತಂತ್ರಾಂಶಕ್ಕೆ ಪಠ್ಯವನ್ನು ಅಂಟಿಸುವಾಗ ಮೂಲ ಸಂಖ್ಯೆಯೇ ಅಳಿಸಿಹೋಗಿರುವ ಸಂಭವವೇ ಹೆಚ್ಚು. ಅದನ್ನು ಯಾವ ಫಾಂಟೂ ಮರಳಿ ತರಲಾರದು. ನಿಮ್ಮ ಮೂಲ ಕಡತದಿಂದಲೇ ಮತ್ತೆ ಪುಟ ಕಟ್ಟಿಸಬೇಕು.

ಯೂನಿಕೋಡ್‌ಪೂರ್ವ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಭಾಗಗಳು ಕುಳಿತಿರುತ್ತವೆ. ಇಡೀ ಪುಟಕ್ಕೆ ಅಂತಹ ಫಾಂಟ್ ಹಾಕಿದರೆ, ಉಚ್ಚಾರಣೆಯಲ್ಲಿರುವ ಸಾಮಾನ್ಯ ರೋಮನ್ ಅಕ್ಷರಗಳೂ ಅರ್ಥವಿಲ್ಲದ ಕನ್ನಡ ತುಂಡುಗಳಾಗುತ್ತವೆ. ಆದ್ದರಿಂದ ಪುಸ್ತಕವಿಡೀ ಯೂನಿಕೋಡಿನಲ್ಲಿರಲಿ, ಉಚ್ಚಾರಣೆಗೆ ಪ್ರತ್ಯೇಕ ಕ್ಯಾರೆಕ್ಟರ್ ಸ್ಟೈಲ್ (ಆಯ್ದ ಅಕ್ಷರಗಳಿಗಷ್ಟೇ ಫಾಂಟ್ ಗೊತ್ತುಮಾಡುವ ಏರ್ಪಾಡು) ಇರಲಿ.

ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಅಚ್ಚಾದ 1886ರಲ್ಲೇ ಪ್ಯಾರಿಸ್ಸಿನಲ್ಲಿ ಈ ಧ್ವನಿಲಿಪಿಯ ಸಂಘ ಹುಟ್ಟಿತು. ಹೊಸ ಅಚ್ಚುಮೊಳೆ ಎರಕ ಹೊಯ್ಯಿಸುವ ಖರ್ಚು ತಪ್ಪಲೆಂದು, ಇದ್ದ ಮೊಳೆಗಳನ್ನೇ ತಿರುಗಿಸಿ ಜೋಡಿಸಬಹುದಾದ ಚಿಹ್ನೆಗಳನ್ನು ಆ ಲಿಪಿಯಲ್ಲಿ ಹಲವು ಕಡೆ ಬಳಸಿಕೊಂಡರು. ತುಳುವಿನ ಪದಾಂತ್ಯದ ಅರೆ ಉಕಾರಕ್ಕೆ ಬಳಸುವ ಚಿಹ್ನೆ ತಲೆಕೆಳಗಾದ ಇಂಗ್ಲಿಷ್ ‘ಎಂ’ (m). ಹಾಗೆ ತಿರುಗಿಸಿದ ಮೊಳೆ ಕೆಲವೊಮ್ಮೆ ಸಾಲಿನಿಂದ ತುಸು ಮೇಲೆದ್ದು ನಿಲ್ಲುತ್ತಿತ್ತು.

ಇಂದಿನ ತೊಡಕು ಕಣ್ಣಿಗೆ ಒಂದೇ ಎನಿಸುವ ಚಿಹ್ನೆಗಳದು. ದೀರ್ಘದ ಗುರುತು (ಯೂನಿಕೋಡ್ ಸಂಖ್ಯೆ 02D0) ಎದುರುಬದುರಾದ ಎರಡು ಪುಟ್ಟ ತ್ರಿಕೋನಗಳು; ಅದರ ಬದಲು ಕೋಲನ್ ಒತ್ತುವವರೇ ಹೆಚ್ಚು. ತಲೆಕೆಳಗಾದ ಇಂಗ್ಲಿಷ್ ‘ಇ’ಗೆ (e) ಎರಡು ಸಂಖ್ಯೆಗಳಿವೆ, ನಿಮಗೆ ಬೇಕಾದದ್ದು 0259. ಕಾಗದದ ಮೇಲೆ ಇವು ದಾಟಿಹೋದರೂ ಕಡತದಲ್ಲಿ ಹುಡುಕುವಾಗ, ಅಕಾರಾದಿಯಾಗಿ ಜೋಡಿಸುವಾಗ ಕಾಟ ಕೊಡುತ್ತವೆ.

ತುಳುವಿನ ‘ಯಾನ್ ಬರ್ಪೆ’ (ನಾನು ಬರುತ್ತೇನೆ), ‘ಆಯೆ ಬರ್ಪೆ’ (ಅವನು ಬರುತ್ತಾನೆ) ಎಂಬಲ್ಲಿ ಕನ್ನಡ ಲಿಪಿ ಕೊನೆಯ ಸ್ವರವನ್ನು ಒಂದೇ ರೀತಿ ತೋರಿಸುತ್ತದೆ, ನಾಲಿಗೆ ಮಾತ್ರ ಎರಡು ರೀತಿ ನುಡಿಯುತ್ತದೆ. ಆ ವ್ಯತ್ಯಾಸ ಹೇಳುವುದು ಧ್ವನಿಚಿಹ್ನೆಯೊಂದೇ ಆದ್ದರಿಂದ, ಫಾಂಟುಗಳನ್ನು ಒಳಗೊಂಡ ಪಿಡಿಎಫ್ ಮಾಡಿಸಿ, ಮುದ್ರಣದ ಪ್ಲೇಟಿಗೆ ಹೋಗುವ ಅದೇ ಪಿಡಿಎಫ್‌ನಿಂದ ಕಾಗದದ ಕರಡು ತೆಗೆಸಿ ಇಂತಹ ಜೋಡಿಗಳನ್ನು ಮೊದಲು ನೋಡಿ. ಅಕ್ಷರದ ಕೆಳಗೆ ಬರುವ ದಂತ್ಯದ ಗುರುತು ಮುಂದಿನ ಸಾಲಿಗೆ ತಾಗುತ್ತಿದ್ದರೆ ಸಾಲಿನ ಅಂತರವನ್ನು ಒಂದೆರಡು ಪಾಯಿಂಟ್ ಹೆಚ್ಚಿಸಲು ಹೇಳಿ.